ಒಂದರ ಜಾಗದಲ್ಲಿ ಎಲ್

ನಾನು ನಿಂತಿದ್ದುದು ರಾಜಾಜಿನಗರದ ಒಂದು ಕಂಪ್ಯೂಟರ್ ಸೆಂಟರಿನ ಮೊದಲನೇ ಮಹಡಿಯಲ್ಲಿ, ಲ್ಯಾಬಿನ ಗಾಜಿನ ಬಾಗಿಲ ಹೊರಗೆ. 2004ರ ಜೂನ್ ತಿಂಗಳ ಒಂದು ಶನಿವಾರ, ಬೆಳಗ್ಗೆ ಹನ್ನೊಂದು ದಾಟಿತ್ತು. ಮುಂದಿನ ಬ್ಯಾಚಿನಲ್ಲಿ ನನ್ನದೂ ಪರೀಕ್ಷೆ. ಪಕ್ಕದಲ್ಲಿ ನಮಗೆ ಕಲಿಸಿದ ಮೇಡಂ ಇದ್ದರು. ಅರ್ಧ ತೆರೆದ ಬಾಗಿಲಿಗೆ ಬೆನ್ನು ಮಾಡಿ, ಕೈಗೆಟಕುವಷ್ಟು ಹತ್ತಿರದಲ್ಲಿ, ಒಳಗೆ ನನ್ನ ಅಕ್ಕ ಕೂತಿದ್ದಳು.

ಅಕ್ಕ ಒಂದು ಶಾಲೆಯ ಆಫೀಸಿನಲ್ಲಿ ಟೈಪಿಸ್ಟ್. ಆ ಬೇಸಿಗೆಯಲ್ಲಿ ಶಾಲೆಗೆ ಕಂಪ್ಯೂಟರ್ ಬಂತು, ಟೈಪ್‌ರೈಟರ್ ಅಟ್ಟ ಸೇರಿತು. ಸರ್ಟಿಫಿಕೇಟ್ ತಂದರೆ ಸರಿ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದು ಮ್ಯಾನೇಜರ್ ಹೇಳಿದ್ದರು.

ಪರೀಕ್ಷೆಯಲ್ಲಿ ಪತ್ರ, ಇಮೇಲ್ ಬೇಗ ಮುಗಿದವು. ಉಳಿದದ್ದು ಎಕ್ಸೆಲ್ಲಿನಲ್ಲಿ ಹೆಸರುಗಳ ಮುಂದೆ ಅಂಕಿ ತುಂಬಿ ಕೂಡುವುದು. ಅಕ್ಕ ಕೀಲಿಗಳತ್ತ ನೋಡದೆ ತುಂಬಿದಳು. ಮೊತ್ತ ತಪ್ಪು ಬಂತು.

"ಏನಮ್ಮಾ, ಟೋಟಲ್ ಕಡಿಮೆ ತೋರಿಸ್ತಿದೆಯಲ್ಲಾ? ಇನ್ನೈದು ನಿಮಿಷ ಅಷ್ಟೇ," ಎಂದರು ಪರೀಕ್ಷಕರು.

ಪಕ್ಕದ ಕಂಪ್ಯೂಟರಿನಲ್ಲಿದ್ದ ಹೆಗ್ಗನಹಳ್ಳಿಯ ಆಂಟಿಯೊಬ್ಬರು ಪಿಸುಗುಟ್ಟಿದರು: "ಆಫ್ ಮಾಡಿ ಆನ್ ಮಾಡ್ರೀ. ನಮ್ಮನೆ ಟೀವಿ ಹಂಗೇ ಸರಿಹೋಗೋದು."

"ನೀವು ನಿಮ್ಮ ಟೀವಿ ನೋಡ್ಕೊಳ್ಳೀಮ್ಮಾ," ಎಂದರು ಪರೀಕ್ಷಕರು.

ಅಕ್ಕ ಎರಡೂ ಕೈಗಳನ್ನು ಮಡಿಲಿಗೆ ತೆಗೆದುಕೊಂಡು ಪರದೆಯನ್ನೇ ನೋಡಿದಳು. ಹೆಚ್ಚಿನ ಅಂಕಿಗಳು ತಮ್ಮ ಚೌಕದ ಬಲಕ್ಕೆ ನಿಂತಿದ್ದವು; ಕೆಲವು ಮಾತ್ರ ಹೆಸರುಗಳ ಹಾಗೆ ಎಡಕ್ಕೆ ಅಂಟಿದ್ದವು. ಅವಳ ಬೆರಳು ಎಡಕ್ಕಿದ್ದವುಗಳ ಮೇಲೆ ನಿಧಾನವಾಗಿ ಇಳಿಯಿತು.

"ಅಯ್ಯೋ, ಒಂದು ಅನ್ನೋ ಕಡೆ ಎಲ್ಲಾ ಎಲ್ ಹೊಡೆದಿದೀನಿ ಸಾರ್!" ಎಂದು ನಕ್ಕೇಬಿಟ್ಟಳು.

ಅವಳ ಹಳೆಯ ಟೈಪ್‌ರೈಟರಿನಲ್ಲಿ ಒಂದರ ಕೀಲಿಯೇ ಇರಲಿಲ್ಲ. ಇಂಗ್ಲಿಷಿನ ಸಣ್ಣ ಎಲ್ ಅಕ್ಷರವನ್ನೇ ಒಂದು ಎಂದು ಹೊಡೆಯಬೇಕಿತ್ತು. ಕಾಗದದ ಮೇಲೆ ಅದು ಒಂದೇ ಆಗಿತ್ತು. ಕಂಪ್ಯೂಟರಿಗೆ ಅದು ಅಕ್ಷರ. ಅಕ್ಷರವನ್ನು ಅದು ಕೂಡುವುದಿಲ್ಲ.

ಒಂದೊಂದನ್ನೇ ಅಳಿಸಿ, ಈ ಸಲ ಕೀಲಿ ನೋಡಿಕೊಂಡೇ, ನಿಜವಾದ ಒಂದನ್ನು ಹಾಕಿದಳು. ಪ್ರತಿ ಸಲವೂ ಅಂಕಿ ಎಡದಿಂದ ಬಲಕ್ಕೆ ಜಿಗಿಯಿತು, ಕೆಳಗೆ ಮೊತ್ತ ಏರಿತು. ಪರೀಕ್ಷಕರು "ಹೂಂ" ಎಂದು ಟಿಕ್ ಹಾಕಿದರು.

ಹೊರಗೆ ಬಂದು ನನ್ನನ್ನು ನೋಡಿ, "ನೀನ್ಯಾಕೋ ಹಿಂಗೆ ಬೆವೆತಿದೀಯಾ? ನಿಂದಿನ್ನೂ ಶುರುನೇ ಆಗಿಲ್ವಲ್ಲೋ," ಎಂದಳು.

ಸರ್ಟಿಫಿಕೇಟ್ ಬಂತು, ಕೆಲಸ ಉಳಿಯಿತು. ಅಕ್ಕ ನಿವೃತ್ತಳಾದದ್ದು ಅದೇ ಶಾಲೆಯಿಂದ. ಇದು ಬರೀ ತಮ್ಮನ ಹೆಮ್ಮೆಯ ಮಾತು ಎಂದು ಯಾರಾದರೂ ಅಂದರೆ ಅಲ್ಲ ಎನ್ನಲಾರೆ. ಪರೀಕ್ಷಕರು ಈಗಿಲ್ಲ. ಆದರೆ ಕಣ್ಣಾರೆ ಕಂಡ ಇನ್ನಿಬ್ಬರು ಇದ್ದಾರೆ: ಮೇಡಂ, ಈಗ ಕೆಂಗೇರಿಯಲ್ಲಿ, ಮತ್ತು ಆ ಆಂಟಿ, ಇಂದಿಗೂ ಹೆಗ್ಗನಹಳ್ಳಿಯಲ್ಲೇ. ನಂಬದಿದ್ದರೆ ಅವರನ್ನೇ ಕೇಳಬಹುದು.