ದ್ವಾರಪಾಲಕ ಲೆಸ್ಲಿ

ಗೆಳೆಯ ಲೆಸ್ಲಿ ಹೋಬ್ಸನ್ ಮಾರ್ಚ್‌ನಲ್ಲಿ ತೀರಿಕೊಂಡ. ಇಂಗ್ಲೆಂಡಿನ ರಂಗಭೂಮಿಯಲ್ಲಿ ನಲವತ್ತು ವರ್ಷ ದುಡಿದವನು. ಟಿವಿಯಲ್ಲಿ ಅವನಿಗೆ ಸಿಗುತ್ತಿದ್ದುದು ಬಾಗಿಲು ತೆರೆಯುವ ಬಟ್ಲರ್ ಪಾತ್ರಗಳೇ. ನಿವೃತ್ತನಾಗಿ ಮೈಸೂರು ಮೂಲದ ಹೆಂಡತಿ ವಸಂತಾ ಜೊತೆ ಅಮೆರಿಕದ ಮಾರಿಸ್‌ವಿಲ್‌ಗೆ ಬಂದು ನಮ್ಮ ನೆರೆಯವನಾದ.

2023ರಲ್ಲಿ ಕಾಯಿಲೆ ಗೊತ್ತಾದಾಗ, ಇನ್ನೊಮ್ಮೆ ನಾಟಕದಲ್ಲಿ ಮಾತಾಡಬೇಕು ಎಂದ. ಇಲ್ಲಿನ ನಮ್ಮ ಕನ್ನಡ ಸಂಘದ ರಾಜ್ಯೋತ್ಸವದ ನಾಟಕದಲ್ಲಿ ಒಂದೇ ಮಾತಿರುವ ದ್ವಾರಪಾಲಕನ ಪಾತ್ರ ಕೊಟ್ಟೆವು.

“ಅಂಕಲ್‌ಗೆ ಇಲ್ಲೂ ಬಾಗಿಲೇನಾ?” ಎಂದು ನಾಟಕ ಮಾಡಿಸುತ್ತಿದ್ದ ನವ್ಯಾ ನಕ್ಕಳು.

“ಸುಮ್ನಿರೇ, ನಲವತ್ತು ವರ್ಷದ ಎಕ್ಸ್‌ಪೀರಿಯೆನ್ಸ್ ಅದು!” ಎಂದರು ವಸಂತಾ.

ಪರದೆಯ ಹಿಂದಿನಿಂದ ಮಾತು ಹೇಳಿಕೊಡುವವರನ್ನು ನಂಬಿ ನಾವ್ಯಾರೂ ಬಾಯಿಪಾಠ ಮಾಡುವುದಿಲ್ಲ. ಲೆಸ್ಲಿಗೆ ಈ ಅಭ್ಯಾಸ ಗೊತ್ತಿರಲಿಲ್ಲ. ಕನ್ನಡ ಮಾತಾಡಲು ಬಂದರೂ ಓದಲು ಬಾರದ ಅವನು ಇಡೀ ನಾಟಕವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ಕಲಿತಿದ್ದ.

ನಾಟಕದ ದಿನ ಮಾತು ಹೇಳಿಕೊಡಬೇಕಾಗಿದ್ದ ಆದಿತ್ಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ. ರಾಜನಾಗಿದ್ದ ನಾನು ತಡವರಿಸಿದಾಗಲೆಲ್ಲ, ಪಕ್ಕದಲ್ಲಿ ಭರ್ಜಿ ಹಿಡಿದು ನಿಂತಿದ್ದ ಲೆಸ್ಲಿ ತುಟಿ ಅಲುಗಿಸದೆ ಮುಂದಿನ ಸಾಲು ಪಿಸುಗುಟ್ಟಿದ. ಆ ಗಾಬರಿಯಲ್ಲಿ ಅವನಿಗಿದ್ದ ಒಂದೇ ಒಂದು ಮಾತು ಬರುವ ಜಾಗವನ್ನೇ ನಾನು ಹಾರಿಸಿ ಮುಂದೆ ಹೋಗಿಬಿಟ್ಟೆ.

“ಸಾರಿ ಲೆಸ್ಲಿ, ನಿನ್ನ ಲೈನ್ ಹೋಯ್ತು,” ಎಂದೆ, ನಾಟಕ ಮುಗಿದ ಮೇಲೆ.

“ಹೋಗ್ಲಿ ಬಿಡಿ, ಮಹಾರಾಜ,” ಎಂದು ನಕ್ಕ. “ಇಷ್ಟು ದೊಡ್ಡ ಪಾರ್ಟ್ ನಂಗೆ ಯಾವತ್ತೂ ಸಿಕ್ಕಿರ್ಲಿಲ್ಲ.”