ಹೋಗಿರುತ್ತಿದ್ದೆ ಎನ್ನುವ ಗಂಡ

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವಳ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅವಳ ಬೆರಳು ಒಪ್ಪುತ್ತಿರಲಿಲ್ಲ, ಮಾಲೀಕನೇ ಬಂದು ಸಾಕಮ್ಮಾ ಅಂದರೂ ಬಿಡುತ್ತಿರಲಿಲ್ಲ. ಇಂಥವಳು ಮನೆಯೊಳಗೆ ಮಾತ್ರ ಯಾವುದಕ್ಕೂ ಹಟ ಹಿಡಿದವಳಲ್ಲ. ಗಂಡ ಹೂಂ ಅಂದರೆ ಹೂಂ, ಉಹೂಂ ಅಂದರೆ ಉಹೂಂ. ಎಂಥ ತಾಳ್ಮೆ ಎಂದು ನೆಂಟರು ಹೊಗಳುತ್ತಿದ್ದರು. ತಾಳ್ಮೆಯೂ ಇಲ್ಲ, ಮಣ್ಣೂ ಇಲ್ಲ. ಅದು ಪ್ರಾಯಶ್ಚಿತ್ತ.

ಗಂಡ ಲಿಫ್ಟ್ ರಿಪೇರಿ ಮಾಡುವವನು. ಮದುವೆಯಾದ ಹೊಸದರಲ್ಲಿ ಫ್ರೆಂಚ್ ಮಾತಾಡುವ ದೂರದ ಬಂದರಿನ ಊರೊಂದರಿಂದ ಅವನಿಗೆ ಕೆಲಸದ ಕರೆ ಬಂದಿತ್ತು. ಪೆಟ್ಟಿಗೆ ಕಟ್ಟಿಯೂ ಆಗಿತ್ತು. ಅವಳು ಆಗ ತುಂಬು ಬಸುರಿ. ಬಾಗಿಲಲ್ಲಿ ನಿಂತು, ನೀವು ಹೋಗೋದು ಬೇಡ ಅಂದಳು. ಅವನು ಒಂದು ಮಾತೂ ಆಡದೆ ಪೆಟ್ಟಿಗೆ ಬಿಚ್ಚಿ, ಅಂಗಿಗಳನ್ನು ಒಂದೊಂದಾಗಿ ಮತ್ತೆ ಗೂಟಕ್ಕೆ ತಗುಲಿಹಾಕಿದ. ಹುಟ್ಟಿದ ಮಗಳು ಬೆಳೆದು, ಅವಳಿಗೂ ಒಂದು ಕೂಸಾಗಿ, ಆ ಕೂಸು ಅಜ್ಜಿಯ ಸೆರಗೆಳೆಯುವಷ್ಟು ದೊಡ್ಡದಾದರೂ ಅವನು ಆ ಸುದ್ದಿ ಎತ್ತಲಿಲ್ಲ. ಒಂದು ಸಲ ಬೈದು ಬಿಟ್ಟಿದ್ದರೆ ಅವಳು ಹಗುರಾಗುತ್ತಿದ್ದಳು. ಗಂಡಸರ ಮೌನವನ್ನು ದೊಡ್ಡತನ ಎಂದುಕೊಳ್ಳುವುದು ನಮ್ಮ ಹೆಂಗಸರಿಗೆ ಅಂಟಿಕೊಂಡ ಜಾಡ್ಯ.

ಹೀಗಿರುವಾಗ ಹಳೆಯ ಗ್ರಂಥಾಲಯದ ಲಿಫ್ಟಿನಲ್ಲಿ ಒಬ್ಬ ಟೀಚರಮ್ಮ ಸಿಕ್ಕಿಹಾಕಿಕೊಂಡರು. ಮೇಲಿನ ಮಹಡಿಯಲ್ಲಿ ಸಂಜೆ ಫ್ರೆಂಚ್ ಕಲಿಸುವ ವಯಸ್ಸಾದ ಹೆಂಗಸು. ಅವನು ಹೊರಗಡೆ ತಿರುಪು ಬಿಚ್ಚುತ್ತ, ಗಾಬರಿಯಾಗಬೇಡಿ, ಏನಾದರೂ ಮಾತಾಡುತ್ತಿರಿ ಎಂದ. ಆಕೆಗೆ ಗೊತ್ತಿದ್ದದ್ದು ಪಾಠ ಮಾಡುವುದೊಂದೇ. ಮುಚ್ಚಿದ ಬಾಗಿಲ ಆ ಕಡೆಯಿಂದ ಆಕೆ ಹೇಳಿಕೊಟ್ಟದ್ದನ್ನು ಈ ಕಡೆಯಿಂದ ಇವನು ಒಪ್ಪಿಸುತ್ತ ಹೋದ. ಬಾಗಿಲು ತೆರೆಯುವ ಹೊತ್ತಿಗೆ ಅವನು ಶಿಷ್ಯನಾಗಿಬಿಟ್ಟಿದ್ದ.

ಮೊದಮೊದಲು ಅವಳಿಗೆ ನಗು ಬರುತ್ತಿತ್ತು. ಗ್ರೀಸ್ ಹತ್ತಿದ ಕೈಯಲ್ಲಿ ಮುಸುರೆ ತೊಳೆಯುತ್ತ ಗಂಡ ಮೂಗಿನಲ್ಲಿ ಗುಂಯ್‌ಗುಡುತ್ತಿದ್ದ. ಲೋಟ ಅಂದ, ಕಿಟಕಿ ಅಂದ, ನಾನು ಬರುತ್ತೇನೆ, ನಾನು ಹೋಗುತ್ತೇನೆ ಅಂದ. ಹಾಗೇ ಪಾಠ ಮುಂದುವರಿದು, ನಡೆಯದೇ ಹೋದದ್ದನ್ನು ಹೇಳುವ ಕಾಲಕ್ಕೆ ಬಂತು. ಅವತ್ತಿನಿಂದ ಅವಳ ನಗು ನಿಂತಿತು.

ಅವನೇ ವಿವರಿಸಿದ್ದ. ಆ ವಾಕ್ಯಕ್ಕೆ ಎರಡು ಭಾಗ. ‘ಸಿ’ ಎಂದು ಶುರುವಾಗುವ ಭಾಗದಲ್ಲಿ ಹೀಗಾಗಿದ್ದಿದ್ದರೆ ಎನ್ನಬೇಕು, ಇನ್ನೊಂದರಲ್ಲಿ ಹಾಗೆ ಮಾಡಿರುತ್ತಿದ್ದೆ ಎನ್ನಬೇಕು. ಮಾಡಿರುತ್ತಿದ್ದೆ ಎನ್ನಲು ಒಂದು ಊರೆಗೋಲಿನ ಕ್ರಿಯಾಪದ ಬೇಕಂತೆ. ನೋಡುವುದು ತಿನ್ನುವುದಕ್ಕೆಲ್ಲ ‘ಇಟ್ಟುಕೊಳ್ಳು’ ಎಂಬುದು, ಹೋಗುವುದು ಬರುವುದಕ್ಕೆ ‘ಇರು’ ಎಂಬುದು. ಝೋರೆ ವ್ಯೂ, ನೋಡಿರುತ್ತಿದ್ದೆ. ಝ ಸರೆ ಪಾರ್ತಿ, ಹೋಗಿರುತ್ತಿದ್ದೆ. ಲಿಫ್ಟಿನ ಪೆಟ್ಟಿಗೆ ಮೇಲೇರಬೇಕಾದರೆ ಹಿಂದೆ ಭಾರದ ಕಲ್ಲು ಇಳಿಯಬೇಕಲ್ಲ, ಹಾಗೆ ಈ ಎರಡು ಭಾಗ ಎಂದ.

ಆದರೆ ಅವನು ಹೇಳುತ್ತಿದ್ದದ್ದು ಒಂದೇ ಭಾಗ. ಭಾನುವಾರದ ಮಧ್ಯಾಹ್ನ ಬಿಸಿಲು ನೆಲದ ಮೇಲೆ ಹಳದಿಯಾಗಿ ಮಲಗಿರುವಾಗ ಗೋಡೆಗೊರಗಿ ಕಣ್ಣು ಮುಚ್ಚಿ ಹೇಳುತ್ತಿದ್ದ, ಮೊದಲು ಫ್ರೆಂಚಿನಲ್ಲಿ, ಆಮೇಲೆ ಅವಳಿಗಾಗಿ ಕನ್ನಡದಲ್ಲಿ. ಸಮುದ್ರದ ಕಡೆಗೆ ಇಳಿಯುವ ಬೀದಿಯಲ್ಲಿ ಬಾಡಿಗೆ ಕೋಣೆ ಹಿಡಿದಿರುತ್ತಿದ್ದೆ. ಈಜು ಕಲಿತಿರುತ್ತಿದ್ದೆ. ಬೆಳಿಗ್ಗೆ ಹಡಗಿನ ಕೂಗಿಗೆ ಎಚ್ಚರಾಗಿರುತ್ತಿದ್ದೆ. ಅವಳು ಬಟ್ಟೆ ಮಡಚುತ್ತ ಕೇಳುತ್ತಿದ್ದಳು. ಕೇಳಿ ಕೇಳಿ ಆ ಬೀದಿ ಅವಳಿಗೂ ಪರಿಚಯವಾಯಿತು. ಅಂಗಡಿಯಲ್ಲಿ ಗಾಜು ಉಜ್ಜುವಾಗ ಉಪ್ಪುಗಾಳಿ ಬೀಸಿದಂತಾಗಿ ಕೈ ನಿಂತುಬಿಡುತ್ತಿತ್ತು. ನೀಲಿ ಬಾಗಿಲೊಂದರ ಮುಂದೆ ಒಬ್ಬ ಹುಡುಗ ಬೂಟು ಕಳಚುತ್ತಿದ್ದ. ಅವನ ತಲೆ ನರೆತಿರಲಿಲ್ಲ, ಬೆನ್ನು ಬಾಗಿರಲಿಲ್ಲ. ಅವಳು ಬೀದಿಯ ಈಚೆ ಬದಿಯಲ್ಲಿ ನಿಂತು ನೋಡುತ್ತಿದ್ದಳು, ದಾಟಿ ಹೋಗಲು ಧೈರ್ಯ ಬರುತ್ತಿರಲಿಲ್ಲ.

ಬಾಯಿಗೆ ಬಾರದ ಆ ಇನ್ನರ್ಧ ಯಾವುದೆಂದು ಅವಳಿಗೆ ಗೊತ್ತಿತ್ತು. ಹೆಂಡತಿ ತಡೆಯದೆ ಇದ್ದಿದ್ದರೆ, ಎಂದು. ತನಗೆ ನೋವಾಗಬಾರದೆಂದು ಪುಣ್ಯಾತ್ಮ ಅದನ್ನು ನುಂಗಿಕೊಳ್ಳುತ್ತಿದ್ದಾನೆ ಅಂದುಕೊಳ್ಳುತ್ತಿದ್ದಳು.

ಒಂದು ಭಾನುವಾರ ಅವನು ಸಪ್ಪೆ ಮುಖ ಮಾಡಿ ಕೂತಿದ್ದ. ನಿನ್ನ ವಾಕ್ಯಗಳೆಲ್ಲ ಅಂತರದಲ್ಲಿ ನೇತಾಡುತ್ತವೆ, ಮುಂದಿನ ಪಾಠದಲ್ಲಿ ಪೂರ್ತಿ ಹೇಳಲೇಬೇಕು ಎಂದು ಟೀಚರಮ್ಮ ಎಲ್ಲರೆದುರು ಗದರಿದ್ದರಂತೆ. ಅವಳು ಮಡಚುತ್ತಿದ್ದ ಸೀರೆಯನ್ನು ಪಕ್ಕಕ್ಕಿಟ್ಟಳು.

"ನಾನು ಬೇಡ ಅನ್ನದೆ ಇದ್ದಿದ್ರೆ, ಅಂತ ಹೇಳಿಬಿಡಿ. ನಿಜ ತಾನೆ? ನಾನೇನೂ ಅಂದ್ಕೊಳ್ಳಲ್ಲ."

ಅವನು ತನ್ನ ಉಗುರಿನ ಸಂದಿಯ ಕಪ್ಪನ್ನು ಕೆರೆದುಕೊಂಡ.

"ಅದು ನಿಜ ಅಲ್ಲ ಕಣೆ," ಎಂದ. "ಹೊರಡೋ ದಿನ ಹತ್ರ ಬಂದ ಹಾಗೆ ನಂಗೆ ಕೈಕಾಲು ನಡುಕ. ಗೊತ್ತಿಲ್ಲದ ಊರು, ಗೊತ್ತಿಲ್ಲದ ಭಾಷೆ. ಹೇಗಪ್ಪಾ ತಪ್ಪಿಸ್ಕೊಳ್ಳೋದು ಅಂತಿದ್ದೆ. ನೀನು ಬೇಡ ಅಂದಾಗ ಹೋದ ಜೀವ ಬಂದ ಹಾಗಾಯ್ತು. ನಂಗೆ ಧೈರ್ಯ ಇದ್ದಿದ್ರೆ, ಅಂತ ಶುರು ಮಾಡ್ಬೇಕು ಆ ವಾಕ್ಯ. ಅದು ಬಾಯಿಗೆ ಬರ್ತಿಲ್ಲ."

ಅವಳ ಮೈಯೆಲ್ಲ ಹಗುರಾಯಿತು, ಎಷ್ಟೆಂದರೆ ಕೂತಲ್ಲಿಂದ ತೇಲಿಹೋಗುತ್ತೇನೋ ಎಂದು ಹೆದರಿ ಮಂಚದ ಅಂಚು ಹಿಡಿದುಕೊಂಡಳು. ಅದರ ಹಿಂದೆಯೇ ಸಿಟ್ಟು ಬಂತು. ಇಷ್ಟು ವರ್ಷ ತಾನು ನುಂಗಿಕೊಂಡದ್ದೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದು ನಿಂತಿತು.

"ಇದು ನಂಗೆ ಗೊತ್ತಿದ್ದಿದ್ರೆ," ಎಂದಳು ಮೆಲ್ಲಗೆ, "ಮಗಳಿಗೆ ನಿಮ್ಮಮ್ಮನ ಹೆಸರಿಡೋಕೆ ನಾನು ಬಿಡ್ತಿರಲಿಲ್ಲ."

ಅವನು ತಲೆಯೆತ್ತಿದ.

"ಹೊಸ ಅಂಗಡಿ ನೋಡ್ಕೋ ಅಂತ ಮಾಲೀಕರು ಕರೆದಾಗ ಹೋಗಿರ್ತಿದ್ದೆ. ನೀವು ಮುಖ ಸಣ್ಣ ಮಾಡ್ಕೊಂಡ್ರಿ ಅಂತ ಬಿಟ್ಟೆ. ನಿಮ್ಮಕ್ಕ ಬಂದು ತಿಂಗಳುಗಟ್ಟಲೆ ಕೂತಾಗ, ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿರ್ತಿದ್ದೆ."

ಅವಳ ಒಂದು ವಾಕ್ಯವೂ ಅರ್ಧಕ್ಕೆ ನಿಲ್ಲಲಿಲ್ಲ. ಅವನು ಮಣೆ ಎಳೆದುಕೊಂಡು ಅವಳ ಎದುರಿಗೆ ಕೂತ. ಹೊರಗೆ ಬಿಸಿಲು ಇಳಿದು ದೀಪ ಹಚ್ಚುವ ಹೊತ್ತಾದರೂ ಅವಳು ಹೇಳಿ ಮುಗಿದಿರಲಿಲ್ಲ.