ಅಕ್ಕಿ ಡಬ್ಬಿಯ ಸುತ್ತ ಕುರುಗೋಡು ಗುಡ್ಡ

ಅವ್ವ ಜಾರಿ ಬಿದ್ದದ್ದು ಸಿರುಗುಪ್ಪದ ಮನೆಯ ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಟೊಂಕದ ಎಲುಬು ಮುರಿದಿತ್ತು. ತಮ್ಮ ಅವಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಳ್ಳಾರಿಗೆ ತಂದ. ಆಪರೇಷನ್ ಇಲ್ಲೇ ಆಯಿತು. ಡಾಕ್ಟರು ಹತ್ತಿರ ಇರಲಿ, ಮೆಟ್ಟಿಲು ಹತ್ತುವ ಕಷ್ಟವೂ ಇಲ್ಲ ಎಂದು ಆಸ್ಪತ್ರೆಯಿಂದ ನೇರ ಗಾಂಧಿನಗರದ ನಮ್ಮ ಮನೆಗೇ ಕರೆದುಕೊಂಡು ಬಂದೆವು.

ಅವ್ವ ಸುಮ್ಮನೆ ಕೂತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಕುರುಗೋಡಿನಲ್ಲಿ ಹುಟ್ಟಿದವಳು, ಇನ್ನೂ ಹುಡುಗಿ ಇರುವಾಗಲೇ ಸಿರುಗುಪ್ಪಕ್ಕೆ ಸೊಸೆಯಾಗಿ ಬಂದು, ನೆಲ್ಲು ಗದ್ದೆಯ ಕೆಸರಿನಲ್ಲಿ ಬಗ್ಗಿಯೇ ಅರ್ಧ ಆಯುಷ್ಯ ಕಳೆದವಳು. ಈಗ ಕಿಟಕಿ ಪಕ್ಕದ ಮಂಚದ ಮೇಲೆ ದಿನವಿಡೀ ಕೂಡಬೇಕಾಯಿತು. ಫಿಸಿಯೋಥೆರಪಿ ಮಾಡಿಸುವ ಹುಡುಗಿ ಬಂದು ವಾಕರ್ ಹಿಡಿಸಿ ನಡೆಸಲು ನೋಡಿದರೆ ಬಾಗಿಲವರೆಗೆ ಹೋಗಿ ತಿರುಗಿಬಿಡುತ್ತಿದ್ದಳು.

"ಈ ಕಬ್ಬಿಣದ ಕುರ್ಚಿ ಹಿಡಕೊಂಡು ಓಣ್ಯಾಗ ಹೋದ್ರ ಮಂದಿ ನಗಲ್ಲೇನು?"

"ನಗೋ ಮಂದಿ ಇಲ್ಲಿ ಯಾರದಾರವ್ವಾ? ಯಾರಿಗೂ ನಿನ್ನ ಗುರ್ತ ಇಲ್ಲ."

"ಗುರ್ತ ಇಲ್ಲದ ಮಂದೀನ ಜಾಸ್ತಿ ನಗತಾರ."

ವಾಕರ್ ಮೂಲೆ ಸೇರಿತು. ಅದರ ಮೇಲೆ ತನ್ನ ಟವೆಲ್ ಒಣಹಾಕತೊಡಗಿದಳು.

ನಾನು ರಕ್ತ ತಪಾಸಣೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದೇನೆ. ಹಗಲೆಲ್ಲ ಸೂಜಿ, ಗಾಜಿನ ನಳಿಕೆ, ಮಂದಿಯ ಮುಖದ ಗಾಬರಿ. ಅದನ್ನೆಲ್ಲ ಮರೆಯಲು ಸಂಜೆ ಹೊತ್ತು ಖಾಲಿ ಬಾಟಲಿ, ಹಳೇ ತಾಟು, ಬಿಸ್ಕತ್ತಿನ ಡಬ್ಬಿಗಳ ಮೇಲೆ ಚಿತ್ರ ಅಂಟಿಸುವ ಹವ್ಯಾಸ ಹಚ್ಚಿಕೊಂಡಿದ್ದೆ. ಹಳೇ ಕ್ಯಾಲೆಂಡರು, ಲಗ್ನಪತ್ರಿಕೆ, ಸೀರೆ ಡಬ್ಬಿಯ ಮುಚ್ಚಳ, ಇಂಥವುಗಳಿಂದ ಹೂವು, ನವಿಲು ಕತ್ತರಿಸಿ ಅಂಟು ಬಳಿದು ಹಚ್ಚಿ, ಒಣಗಿದ ಮೇಲೆ ವಾರ್ನಿಷ್ ಕೊಟ್ಟರೆ ಡಬ್ಬಿಯ ಮೇಲೆಯೇ ಬರೆದಂತೆ ಕಾಣುತ್ತದೆ. ಫೋನಿನಲ್ಲಿ ವಿಡಿಯೊ ನೋಡಿ ಕಲಿತದ್ದು. ಅದರಲ್ಲಿ ಇದಕ್ಕೆ ಡೆಕೂಪಾಜ್ ಅನ್ನುತ್ತಿದ್ದರು.

ಅವ್ವ ಮಂಚದಿಂದ ಎರಡು ಮೂರು ಸಂಜೆ ನೋಡಿದಳು. ಆಮೇಲೆ ಕೇಳಿದಳು. "ಏನದು ಡಕ್ಕುಬಾಜಿ? ಯಾರೋ ಬರದ ಚಿತ್ರ ಕತ್ತರಿಸಿ ಹಚ್ಚಾಕ ಇಷ್ಟೊತ್ತು ಬೇಕೇನು?"

ನನಗೆ ಸ್ವಲ್ಪ ಸಿಟ್ಟೇ ಬಂತು. ಆದರೆ ಆಪರೇಷನ್ ಆದ ಮೇಲೆ ಅವಳು ತಾನಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಕತ್ತರಿ ಆಡಿಸುತ್ತ ಹೋದೆ.

ಒಂದು ಭಾನುವಾರ ಮೊಟ್ಟೆ ಇಡುವ ಕಾಗದದ ತಟ್ಟೆಗಳನ್ನು, ಹಳೇ ಪೇಪರನ್ನು ಬಕೆಟ್ಟಿನಲ್ಲಿ ನೆನೆಹಾಕಿದ್ದೆ. ಅದನ್ನು ಮೆತ್ತಗೆ ಅರೆದು ಬಟ್ಟಲು ಮಾಡುವ ವಿಚಾರವಿತ್ತು. ಮೈದಾ ಹಿಟ್ಟಿನ ಗಂಜಿ ಕಾಸಿ ತಂದಾಗ ಅವ್ವ ತಡೆದಳು.

"ಮೈದಾ ಹಾಕಬ್ಯಾಡ. ಇಲಿ ತಿಂದು ಹಾಕತಾವ. ಮೆಂತ್ಯ ರುಬ್ಬಿ ಹಾಕು."

"ಮೆಂತ್ಯ?"

"ಕುರುಗೋಡಾಗ ಮನಿಮನಿಗೆ ಮಾಡತಿದ್ವಿ. ರದ್ದಿ ಕಾಗದ ನೆನಿಹಾಕಿ, ಮೆಂತ್ಯ ಹಾಕಿ ಒರಳಾಗ ಕುಟ್ಟಿ, ಕೊಡ ಬೋರಲು ಹಾಕಿ ಅದರ ಮ್ಯಾಲ ಬಡಿಯೋದು. ನಮ್ಮವ್ವನ ಕಾಗದದ ಬುಟ್ಟ್ಯಾಗ ರೊಟ್ಟಿ ಇಟ್ರ ಮೆತ್ತಗ ಆಗತಿದ್ದಿಲ್ಲ. ಕೊಡು ಇಲ್ಲಿ ಬಕೀಟು."

ಮೆಂತ್ಯ ರುಬ್ಬಿ ಹಾಕಿ, ಬಕೆಟ್ಟನ್ನು ಮಂಚದ ಪಕ್ಕಕ್ಕೆ ಎಳೆದುಕೊಟ್ಟೆ. ಸೀರೆಯ ಸೆರಗು ಸಿಕ್ಕಿಸಿಕೊಂಡು ಎರಡೂ ಕೈ ಮೊಣಕೈವರೆಗೆ ಇಳಿಸಿದಳು. ಹಿಂಡಿದಳು, ಹಿಸುಕಿದಳು, ಮೂಸಿ ನೋಡಿದಳು. ಮೆಂತ್ಯದ ಕಹಿ ವಾಸನೆ ಮನೆಯೆಲ್ಲ ತುಂಬಿತು. ನಮ್ಮ ಸ್ಟೀಲಿನ ಕೊಡವನ್ನೇ ಬೋರಲು ಹಾಕಿ, ಮೇಲೆ ಹಳೇ ಬಟ್ಟೆ ಹೊದಿಸಿ, ಆ ಮುದ್ದೆಯನ್ನು ರೊಟ್ಟಿ ಬಡಿದ ಹಾಗೆ ಬಡಿಯುತ್ತ ಹೋದಳು. ಬಳ್ಳಾರಿಯ ಬಿಸಿಲಿಗೆ ಅದು ಒಣಗಲು ಏನು ಕಷ್ಟ? ಮಾಳಿಗೆಯಿಂದ ಇಳಿಸಿ ತಂದಾಗ ಬೆರಳಿನಿಂದ ತಟ್ಟಿದರೆ ಒಣ ಸೋರೆಬುರುಡೆಯ ಹಾಗೆ ಶಬ್ದ ಬಂತು. ಎತ್ತಿದರೆ ಭಾರವೇ ಇಲ್ಲ. ನಿನ್ನೆಯ ಸುದ್ದಿಯ ಅಕ್ಷರಗಳು ಅಲ್ಲಲ್ಲಿ ಮಸುಕಾಗಿ ಉಳಿದಿದ್ದವು.

ನನ್ನ ಬೆರಗು ಅಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಅಡುಗೆಮನೆಯಲ್ಲಿ ಮೊಣಕಾಲೆತ್ತರದ ಹಳೇ ತಗಡಿನ ಅಕ್ಕಿ ಡಬ್ಬಿ ಒಂದಿತ್ತು. ತುಕ್ಕು ಹಿಡಿದಿತ್ತು. ಗುಜರಿಗೆ ಹಾಕಬೇಕು ಅಂದುಕೊಂಡಿದ್ದೆ. ಅವ್ವ ಅದನ್ನು ತರಿಸಿಕೊಂಡಳು. ಕತ್ತರಿ ಕೊಡಲು ಹೋದರೆ ಬೇಡವೆಂದಳು.

"ಕತ್ತರಿ ಯಾಕ? ಹರಿದ್ರ ಸಾಕು."

ಮರುದಿನ ನಾನು ಕೆಲಸದಿಂದ ಬಂದಾಗ ಡಬ್ಬಿಯ ಕೆಳಭಾಗದಲ್ಲಿ ಬೂದು ಬಣ್ಣದ ಮುದ್ದೆ ಉಬ್ಬುಬ್ಬಾಗಿ ಅಂಟಿತ್ತು. ಅದರಾಚೆ ದಿನ ಆ ಉಬ್ಬುಗಳ ಮೇಲೆ ಕಂದು ಕಾಗದದ ಚೂರುಗಳು ಬಂದವು. ಪಾರ್ಸಲ್ ಡಬ್ಬಿಗಳನ್ನು ನೀರಿನಲ್ಲಿ ನೆನೆಸಿ, ಪದರ ಪದರ ಬಿಡಿಸಿ ಹರಿದ ಚೂರುಗಳು. ಏನು ಮಾಡುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ಕೇಳಿದರೆ "ಮಾಡಾಕತ್ತೀನಿ" ಅಷ್ಟೇ ಉತ್ತರ. ತುಕ್ಕು ಮುಚ್ಚುತ್ತಿದ್ದಾಳೆ ಅಂದುಕೊಂಡೆ.

ಒಂದು ಸಂಜೆ ಬಾಗಿಲು ತೆರೆದು ಒಳಗೆ ಕಾಲಿಟ್ಟೆ. ಕಿಟಕಿಯಿಂದ ಇಳಿಬಿಸಿಲು ಓರೆಯಾಗಿ ಡಬ್ಬಿಯ ಮೇಲೆ ಬಿದ್ದಿತ್ತು. ಚೀಲ ಹೆಗಲಲ್ಲೇ ಉಳಿಯಿತು. ಡಬ್ಬಿಯ ಮೇಲೆ ಗುಡ್ಡ ನಿಂತಿತ್ತು.

ನಮ್ಮ ಸೀಮೆಯ ಗುಡ್ಡ. ಬಂಡೆಯ ಮೇಲೆ ಬಂಡೆ, ಈಗಲೋ ಆಗಲೋ ಉರುಳುತ್ತದೆ ಎಂಬಂತೆ ಕೂತ ಬಂಡೆಗಳು. ಕಾಗದ ಹರಿದಾಗ ಅಂಚಿನಲ್ಲಿ ಬಿಳಿ ನಾರು ಮೇಲೇಳುತ್ತದಲ್ಲ, ನಾನು ಅದನ್ನು ಹೊಲಸು ಅಂದುಕೊಂಡು ಕತ್ತರಿಯಿಂದ ಸವರುತ್ತಿದ್ದೆ. ಅವ್ವ ಆ ಬಿಳಿ ಅಂಚನ್ನೇ ಪ್ರತಿ ಬಂಡೆಯ ಒಂದೇ ಕಡೆಗೆ ಇಟ್ಟಿದ್ದಳು. ಅಲ್ಲಿ ಬಿಸಿಲು ಹೊಡೆದಿತ್ತು. ಇನ್ನೊಂದು ಕಡೆ ನೆರಳಿತ್ತು. ಪೆನ್ಸಿಲು ಹಿಡಿದು ಒಂದು ಹೂವನ್ನೂ ಬರೆಯದ ಕೈ ಅದು. ಸಾಲಿಯ ಮೆಟ್ಟಿಲನ್ನೂ ಸರಿಯಾಗಿ ಹತ್ತಿದವಳಲ್ಲ ಅವ್ವ.

"ಅವ್ವಾ, ಯಾರು ಕಲಿಸಿದ್ರು ನಿನಗ ಇದನ್ನ?"

"ಯಾರು ಕಲಿಸಬೇಕು? ಕುರುಗೋಡು ಗುಡ್ಡ ಐತಿ. ಹಿಂಗ ಐತಿ. ಹಿಂಗ ಹಚ್ಚೀನಿ."

ನಾನು ಅವಳ ಮುಖವನ್ನೇ ನೋಡಿದೆ. ಇಷ್ಟು ವರ್ಷ ನನಗೆ ಬುತ್ತಿ ಕಟ್ಟಿದವಳು, ತಲೆ ಬಾಚಿದವಳು, ಬೈದವಳು. ಇವಳೊಳಗೆ ಇದು ಎಲ್ಲಿತ್ತು?

ಅಂದಿನಿಂದ ನನ್ನ ಬಾಟಲಿ, ಕತ್ತರಿ ಪಕ್ಕಕ್ಕೆ ಹೋದವು. ನಾನು ಕಾಗದ ತರುವವಳಾದೆ. ಗುಡ್ಡದ ಪಕ್ಕಕ್ಕೆ ದಾರಿ ಬಂತು, ದಾರಿಯಾಚೆ ಸಿರುಗುಪ್ಪದ ಗದ್ದೆ ಬರಬೇಕಿತ್ತು. ಅಲ್ಲಿ ಹಸಿರು ಬಣ್ಣದ ಪಂಚಾಯ್ತಿ ಶುರುವಾಯಿತು. ಅಗರಬತ್ತಿ ಪೊಟ್ಟಣದ ಹಸಿರು ತಂದೆ, ಸೋಪಿನ ಹೊದಿಕೆ ತಂದೆ, ಚುನಾವಣೆಯ ಕರಪತ್ರ ತಂದೆ.

"ಇದು ಬೆಳದ ನೆಲ್ಲಿನ ಹಸರು. ನನಗ ಸಸಿ ಹಸರು ಬೇಕು. ನಾಟಿಗೆ ಕೀಳತೀವಲ್ಲ, ಆಗಿಂದು."

"ಎರಡಕ್ಕೂ ಏನು ಫರಕವ್ವಾ?"

"ಗದ್ದ್ಯಾಗ ಇಳಿದಿದ್ರ ಕೇಳತಿದ್ದಿಲ್ಲ ನೀ," ಎಂದು ನಕ್ಕಳು. ಆಪರೇಷನ್ ಆದ ಮೇಲೆ ಅವಳು ನಕ್ಕದ್ದು ನೋಡಿ ನನಗೂ ನಗು ಬಂತು.

ಆ ಹಸಿರು ಕೊನೆಗೆ ಸಿಕ್ಕಿದ್ದು ನಮ್ಮ ಲ್ಯಾಬಿನಲ್ಲೇ, ಕೈಗವಸುಗಳ ಖಾಲಿ ಡಬ್ಬಿಯ ಮೇಲೆ. ಅರ್ಧ ಹಳದಿ, ಅರ್ಧ ಹಸಿರು. ಅವ್ವ ಬೆಳಕಿಗೆ ಹಿಡಿದು ನೋಡಿ, ಹರಿಯತೊಡಗಿದಳು. ಗದ್ದೆಯಾಚೆ ಲಗ್ನಪತ್ರಿಕೆಯ ಬೆಳ್ಳಿ ಕಾಗದದಿಂದ ತುಂಗಭದ್ರೆ ಹರಿಯಿತು. ಹೊಳೆ ಮುಗಿದಲ್ಲಿ ಬಳ್ಳಾರಿಯ ಕೋಟೆ ಗುಡ್ಡ, ಒಂದೇ ದೊಡ್ಡ ಬೋಳು ಬಂಡೆ. ಅಲ್ಲಿಂದ ಮತ್ತೆ ಕುರುಗೋಡು, ಅದರ ಓಣಿ, ಬಾವಿ, ಬಾವಿ ಪಕ್ಕದ ಹುಣಸೆಮರ. ಡಬ್ಬಿ ತಿರುಗಿಸಿದರೆ ಅವಳು ಹುಟ್ಟಿದ ಊರು, ಬಾಳಿದ ಊರು, ಈಗ ಕೂತ ಊರು ಒಂದರ ಹಿಂದೊಂದು ಬರುತ್ತಿದ್ದವು. ಮಂದಿಯ ಚಿತ್ರ ಒಂದೂ ಇರಲಿಲ್ಲ. ಆದರೂ ಗದ್ದೆಯಲ್ಲಿ ಈಗಷ್ಟೇ ಯಾರೋ ಬಗ್ಗಿ ಎದ್ದು ಹೋದಂತಿತ್ತು.

ಕುರುಗೋಡಿನಲ್ಲೇ ಇರುವ ಚಿಗವ್ವ, ಅಂದರೆ ಅವ್ವನ ತಂಗಿ, ಅಕ್ಕನನ್ನು ನೋಡಲು ಬಂದಳು. ಚಹಾ ಕುಡಿಯುತ್ತ ಡಬ್ಬಿ ನೋಡಿದವಳು ಕಪ್ಪು ಕೆಳಗಿಟ್ಟಳು.

"ಅಯ್ಯ ಯಕ್ಕಾ! ಇದು ನಮ್ಮ ಬಾವಿ ಅಲ್ಲೇನು? ಇದು ನಮ್ಮ ಓಣಿ!" ಎಂದು ಬೆರಳಿನಿಂದ ಸವರುತ್ತ ಹೋದಳು. ಕಣ್ಣಲ್ಲಿ ನೀರಾಡಿತು. ಬೆರಳು ಒಂದು ಕಡೆ ನಿಂತಿತು. "ಹುಣಸಿ ಮರ ಬಾವಿ ಈ ಕಡಿಗೆ ಯಾಕ ಹಚ್ಚೀದಿ? ಅದು ಎಡಕ್ಕಿತ್ತು."

"ಬಲಕ್ಕಿತ್ತು," ಅವ್ವ ಅಂದಳು.

"ಎಡಕ್ಕ ಯಕ್ಕಾ. ನಾ ಅದೇ ಊರಾಗ ಅದೀನಿ."

"ಈಗ ಮರ ಎಲ್ಲೈತಿ? ಕಡದು ಎಷ್ಟೋ ವರ್ಷ ಆತು ಅಂತ ನೀನ ಹೇಳಿದ್ದಿ. ಆಗ ನೀ ಮೂಗಿನ್ಯಾಗ ಸಿಂಬಳ ಸುರಿಸೋ ಹುಡುಗಿ. ನೀರು ಸೇದಾಕಿ ನಾನು."

ಇಬ್ಬರೂ ಬಿಟ್ಟುಕೊಡಲಿಲ್ಲ. ಊಟಕ್ಕೆ ಕೂತಾಗಲೂ ಅದೇ ಮಾತು. ಚಿಗವ್ವ ಹೊರಡುವಾಗ "ಬಂದು ನೋಡು ಬೇಕಾದ್ರ" ಎಂದು ಬಾಯಿ ಮಾತಿಗೆ ಅಂದಳು.

ಅವ್ವ ಮೂಲೆಯ ಕಡೆ ಕೈ ತೋರಿಸಿದಳು. "ಲೇ, ಆ ಟವೆಲ್ ತೆಗಿ. ಕುರ್ಚಿ ಕೊಡು ಇಲ್ಲಿ."

ಮರುದಿನದಿಂದ ಬೆಳಿಗ್ಗೆ ಓಣಿಯಲ್ಲಿ ವಾಕರ್ ಟಕ್ ಟಕ್ ಸಪ್ಪಳ. ನಗುವವರು ಯಾರೂ ಸಿಗಲಿಲ್ಲ. ಎದುರು ಮನೆಯ ಮುದುಕಿ "ದಿನಾ ಬರ್ರಿ, ನಾನೂ ಜೋಡಿ ಆಗತೀನಿ" ಅಂದಳು. ಫಿಸಿಯೋಥೆರಪಿಯ ಹುಡುಗಿಗೆ ನಂಬಲಿಕ್ಕೇ ಆಗಲಿಲ್ಲ. ಡಾಕ್ಟರು ಹೂಂ ಅಂದ ಮೇಲೆ, ನಮ್ಮ ಮನೆಯವರು ಕಾರು ತೆಗೆದರು. ಕುರುಗೋಡಿಗೆ ಹೊರಟೆವು.

ಅವ್ವ ಹುಟ್ಟಿದ ಮನೆಯ ಜಾಗದಲ್ಲಿ ಈಗ ಯಾರದೋ ಹೊಸ ಮನೆ ಎದ್ದಿದೆ. ಬಾವಿಗೆ ಕಬ್ಬಿಣದ ಜಾಳಿಗೆ ಹಾಕಿದ್ದಾರೆ. ಕಾರು ಓಣಿಯ ಬಾಯಿಗೇ ನಿಂತಿತು. ಕಲ್ಲು ಹಾಸಿದ ತಗ್ಗುದಿನ್ನೆಯ ದಾರಿಯಲ್ಲಿ ಅವ್ವ ಒಂದೊಂದೇ ಹೆಜ್ಜೆ ಊರಿ ನಡೆದಳು. ಹಿಡಿಯಲು ಹೋದರೆ ಕೈ ಸರಿಸಿದಳು. ಬಾವಿಯ ಹತ್ತಿರ ಚಿಗವ್ವ ಕಾಯುತ್ತಿದ್ದಳು. ಬಾವಿಯ ಎಡಕ್ಕೆ ಒಂದು ಹಳೇ ಕಲ್ಲುಕಟ್ಟೆ, ನಡುವೆ ಬರಿದಾದ ಮಣ್ಣು. ಮರದ ಸುತ್ತ ಕಟ್ಟಿದ ಕಟ್ಟೆ ಅದು, ಎರಡು ಮಾತಿಲ್ಲ.

ಅವ್ವ ಬಹಳ ಹೊತ್ತು ನೋಡಿದಳು. "ನೀ ಅಂದದ್ದ ಖರೇ," ಅಂದಳು. "ಇಷ್ಟು ವರ್ಷ ನನ್ನ ಕಣ್ಣಾಗ ಈ ಕಡಿಗೆ ನಿಂತಿತ್ತು ನೋಡು."

ಚಿಗವ್ವನಿಗೆ ಗೆದ್ದ ಖುಷಿ ಇರಲಿಲ್ಲ. ಅಕ್ಕನ ಬೆನ್ನ ಮೇಲೆ ಕೈಯಿಟ್ಟು, "ಬಿಡು ಯಕ್ಕಾ, ಹುಣಸಿಹಣ್ಣು ಹುಳಿ ಇದ್ದದ್ದು ನೆನಪೈತಿಲ್ಲ?" ಅಂದಳು. ಇಬ್ಬರೂ ಆ ಕಟ್ಟೆಯ ಮೇಲೆ ಕೂತರು.

ನಾನು ಗುಡ್ಡದ ಕಡೆ ತಿರುಗಿದೆ. ಫೋನಿನಲ್ಲಿ ಡಬ್ಬಿಯ ಫೋಟೊ ಇತ್ತು. ಸುಮ್ಮನೆ ಕುತೂಹಲಕ್ಕೆ ಅದನ್ನು ಎತ್ತಿ ಗುಡ್ಡದ ಎದುರು ಹಿಡಿದೆ. ಎಡತುದಿಯ ಚಪ್ಪಟೆ ಬಂಡೆ, ಅದರ ಮೇಲೆ ಹೆಗಲೇರಿ ಕೂತ ದುಂಡು ಬಂಡೆ, ನಡುವೆ ಓರೆಯಾಗಿ ಇಳಿದ ಬಿರುಕು, ಬಿರುಕಿನ ಪಕ್ಕ ಬೀಳುವ ಹಾಗೆ ವಾಲಿದ ಕಂಬದಂಥ ಕಲ್ಲು. ಎಲ್ಲ ಇದ್ದ ಜಾಗದಲ್ಲೇ ಇದ್ದವು. ಫೋಟೊದಲ್ಲಿ ಬಿರುಕಿನ ಮೇಲೊಂದು ಹಸಿರು ಚೂರಿತ್ತು. ಅಂಟು ಹತ್ತಿ ಎಲ್ಲಿಂದಲೋ ಬಂದು ಕೂತ ಚೂರು ಎಂದೇ ತಿಳಿದಿದ್ದೆ. ಕಣ್ಣೆತ್ತಿ ನೋಡಿದರೆ ಅಲ್ಲಿ, ಅಷ್ಟೆತ್ತರದ ಬಂಡೆಯ ಬಿರುಕಿನಲ್ಲಿ, ಒಂದು ಗಿಡ ಬೇರು ಬಿಟ್ಟು ನಿಂತಿತ್ತು.

ಮರವನ್ನು ಮರೆತ ಕಣ್ಣು ಇದನ್ನು ಮರೆತಿರಲಿಲ್ಲ. ಮದುವೆಯಾಗಿ ಊರು ಬಿಟ್ಟ ಹುಡುಗಿ ಅಷ್ಟೊಂದು ಗುಡ್ಡವನ್ನು ಒಳಗಿಟ್ಟುಕೊಂಡೇ ನಾಟಿ ಮಾಡಿದ್ದಾಳೆ, ಅಡುಗೆ ಮಾಡಿದ್ದಾಳೆ, ನಮ್ಮನ್ನು ಹೆತ್ತಿದ್ದಾಳೆ. ಒಂದು ಮಾತೂ ಆಡದೆ. ನನಗೆ ಅವಳ ಕಡೆ ತಿರುಗಿ ನೋಡಲು ಒಂಥರಾ ಅಂಜಿಕೆಯಾಯಿತು, ದೊಡ್ಡದೇನನ್ನೋ ಕಂಡಾಗ ಆಗುವಂಥದ್ದು. ಅವಳಾದರೋ ಕಟ್ಟೆಯ ಮೇಲೆ ಕೂತು ತಂಗಿಯ ಜೊತೆ ಯಾರದೋ ಮನೆಯ ಸುದ್ದಿ ಹೇಳಿ ನಗುತ್ತಿದ್ದಳು.

ಮನೆಗೆ ಬಂದ ಮೇಲೆ ಅವ್ವ ಒದ್ದೆ ಬಟ್ಟೆಯಿಂದ ಹುಣಸೆಮರವನ್ನು ನೆನೆಸಿ, ಮೆಲ್ಲಗೆ ಎಬ್ಬಿಸಿ, ಬಾವಿಯ ಎಡಕ್ಕೆ ಹಚ್ಚಿದಳು. ಮೊದಲಿದ್ದ ಜಾಗದಲ್ಲಿ ಮಾಸಿದ ಕಲೆ ಉಳಿಯಿತು. ಅಲ್ಲೊಂದು ಮೇಕೆ ಕೂಡಿಸಿದಳು. ಆಮೇಲೆ ನನ್ನನ್ನು ಕರೆದು, "ನಿನ್ನ ಆ ವಾರ್ನಿಸಿ ಹಚ್ಚು, ಅದು ನನಗ ಬರಂಗಿಲ್ಲ" ಅಂದಳು. ನಾನು ಕುಂಚ ಹಿಡಿದು ಸುತ್ತಲೂ ವಾರ್ನಿಷ್ ಎಳೆದೆ.

ಬೇಸಿಗೆ ಮುಗಿಯುವ ಹೊತ್ತಿಗೆ ಅವ್ವ ವಾಕರ್ ಬಿಟ್ಟು ಕೋಲು ಹಿಡಿದು ಸಿರುಗುಪ್ಪಕ್ಕೆ ಹೋದಳು. ಅಲ್ಲಿ ತಮ್ಮನ ಮನೆಯ ಮರದ ಕಪಾಟಿನ ಬಾಗಿಲ ಮೇಲೆ ಈಗ ಕಾಗದ ಹಚ್ಚುತ್ತಿದ್ದಾಳೆ. ಓಣಿಯ ಹೆಂಗಸರು ಮಧ್ಯಾಹ್ನ ಬಂದು ಸುತ್ತ ಕೂತು ರದ್ದಿ ಹರಿದು ಕೊಡುತ್ತಾರಂತೆ. ಮೊನ್ನೆ ಫೋನು ಮಾಡಿದ್ದಳು.

"ನಿಮ್ಮ ದವಾಖಾನಿ ಮಂದಿ ಕಡೆ ಕರೀ ಕಾಗದ ಸಿಗತೈತೇನು? ಮಿಂಚಬಾರದು ನೋಡು."

"ಎಕ್ಸ್‌ರೇ ಹಾಳಿಗೆ ಸುತ್ತಿ ಬರೋ ಕರೀ ಕಾಗದ ಐತಿ. ಕೇಳತೀನಿ. ಎದಕ್ಕವ್ವಾ?"

"ಹೊಳಿ ಮ್ಯಾಲ ಕತ್ತಲಿ ಬೀಳತೈತಲ್ಲ," ಅಂದಳು ಅವ್ವ. "ಅದನ್ನ ಮಾಡಬೇಕು."